ಒಂದೋ, ನಾಲ್ಕೋ

ಅತ್ತೆ ಪೆಟ್ಟಿಗೆಯಿಂದ ಚೀಟಿ ತೆಗೆದು ಮೇಜಿನ ಮೇಲಿಟ್ಟರು. ಐದು ಕ್ಲಬ್ಸ್. ಇಟ್ಟ ಮೇಲೆ ಅದು ಹಿಂದಿನ ಚೀಟಿಯ ಅಂಚಿಗೆ ಸರಿಯಾಗಿ ಕೂರುವಂತೆ ಬೆರಳಿನಿಂದ ತಳ್ಳಿ, ಏನೂ ಆಗದವರ ಹಾಗೆ ಕೈಕಟ್ಟಿ ಕುಳಿತರು. ಎದುರಿಗಿದ್ದ ಸೊಸೆ ಆ ಚೀಟಿಯನ್ನು ಎರಡು ಸಲ ಓದಿದಳು.

ಸೊಸೆ ಕೇಳಿದ್ದು ಒಂದೇ ಪ್ರಶ್ನೆ. ಬ್ರಿಜ್ ಆಟದಲ್ಲಿ ಬಾಯಿಬಿಟ್ಟು ಕೇಳುವಂತಿಲ್ಲ, ಕಣ್ಣು ಮಿಟುಕಿಸುವಂತಿಲ್ಲ, ಸುಮ್ಮನೆ ಕೆಮ್ಮಿದರೂ ಪಕ್ಕದವರು ಹುಬ್ಬೇರಿಸುತ್ತಾರೆ. ಕೇಳುವುದೂ ಹೇಳುವುದೂ ಚೀಟಿಯಲ್ಲೇ. ನಾಲ್ಕು ನೋ ಟ್ರಂಪ್ ಎಂಬ ಚೀಟಿ ಇಟ್ಟರೆ, 'ನಾಲ್ಕು ಎಕ್ಕ ಮತ್ತು ತುರುಪಿನ ರಾಜ, ಈ ಐದರಲ್ಲಿ ನಿನ್ನ ಕೈಯಲ್ಲಿ ಎಷ್ಟಿವೆ?' ಎಂದು ಜೋಡಿಯನ್ನು ಕೇಳಿದ ಹಾಗೆ. ಐದರಲ್ಲಿ ಒಂದೇ ಒಂದು ಎದುರಾಳಿಗಳ ಪಾಲಾಗಿದ್ದರೆ ಧೈರ್ಯವಾಗಿ ಸ್ಲಾಮ್ ಹೇಳಬಹುದು. ಅಂದರೆ ಹದಿಮೂರು ಸುತ್ತುಗಳಲ್ಲಿ ಹನ್ನೆರಡನ್ನು ನಾವೇ ಗೆಲ್ಲುತ್ತೇವೆ ಎಂದು ಪಣ ತೊಡುವುದು. ಎರಡು ಅವರ ಹತ್ತಿರ ಇದ್ದರೆ ತೆಪ್ಪಗೆ ಐದರಲ್ಲಿ ನಿಲ್ಲಬೇಕು.

ತೊಂದರೆ ಇದ್ದದ್ದು ಉತ್ತರದಲ್ಲಿ. ಮಾವ ಬದುಕಿದ್ದಷ್ಟು ಕಾಲ ಅವರೇ ಅತ್ತೆಯ ಜೋಡಿ. ಅವರಿಬ್ಬರ ಒಪ್ಪಂದದಲ್ಲಿ ಐದು ಕ್ಲಬ್ಸ್ ಅಂದರೆ 'ಒಂದೂ ಇಲ್ಲ, ಇಲ್ಲವೇ ಮೂರಿವೆ'. ಮಾವ ಹೋದ ಮೇಲೆ ಆ ಕುರ್ಚಿಗೆ ಬಂದ ಸೊಸೆ ಬ್ರಿಜ್ ಕ್ಲಬ್ಬಿನ ಪಾಠಕ್ಕೆ ಸೇರಿ, ನಾಲ್ಕಕ್ಷರ ಕಲಿತು, 'ಈಗ ಯಾರೂ ಹಾಗೆ ಆಡಲ್ಲ ಅತ್ತೆ' ಎಂದು ಹಠ ಹಿಡಿದು ಅದನ್ನು ತಿರುಗುಮುರುಗು ಮಾಡಿಸಿದ್ದಳು. ಹೊಸ ಒಪ್ಪಂದದಲ್ಲಿ ಐದು ಕ್ಲಬ್ಸ್ ಅಂದರೆ 'ಒಂದಿದೆ, ಇಲ್ಲವೇ ನಾಲ್ಕಿವೆ'. ಸೊನ್ನೆ, ಮೂರು ಇದ್ದವರು ಅದರ ಮುಂದಿನ ಚೀಟಿ, ಐದು ಡೈಮಂಡ್ಸ್ ಇಡಬೇಕು.

ಈ ಸಲ ಸ್ಪೇಡ್ ತುರುಪು. ಸ್ಪೇಡ್ ಎಕ್ಕ, ಸ್ಪೇಡ್ ರಾಜ ಎರಡೂ ಸೊಸೆಯ ಹತ್ತಿರವೇ ಇದ್ದವು. ಉಳಿದದ್ದು ಮೂರು ಎಕ್ಕ. ಹೊಸ ಲೆಕ್ಕವಾದರೆ, ನಾಲ್ಕಂತೂ ಇರಲು ಸಾಧ್ಯವಿಲ್ಲ, ಅತ್ತೆಯ ಹತ್ತಿರ ಇರುವುದು ಒಂದೇ, ನಿಲ್ಲಬೇಕು. ಹಳೆಯ ಲೆಕ್ಕವಾದರೆ ಮೂರೂ ಅವರ ಹತ್ತಿರವೇ ಇವೆ. ಸ್ಲಾಮನ್ನು ಕಣ್ಣುಮುಚ್ಚಿಕೊಂಡು ಹೇಳಬಹುದು.

ಅತ್ತೆಗೆ ಹೊಸದು ನೆನಪಿತ್ತೋ, ಕೈ ತಾನಾಗಿ ಹಳೆಯದಕ್ಕೇ ಹೋಗಿತ್ತೋ? ಇದು ಬರೀ ಆಟದ ಪ್ರಶ್ನೆಯಾಗಿದ್ದರೆ ಸೊಸೆಯ ಅಂಗೈ ಹೀಗೆ ಬೆವರುತ್ತಿರಲಿಲ್ಲ.

ಅತ್ತೆಯದು ಔಷಧಿ ಅಂಗಡಿ. ಗಂಡನ ಜೊತೆ ಶುರುಮಾಡಿದ್ದನ್ನು ಈಗ ಮಗನ ಜೊತೆ ನಡೆಸುತ್ತಿದ್ದರು. ಕೌಂಟರಿನ ಹಿಂದೆ ಎತ್ತರದ ಸ್ಟೂಲಿನ ಮೇಲೆ ಕುಳಿತು, ಡಾಕ್ಟರುಗಳ ಕಾಗೆಕಾಲು ಗುಬ್ಬಿಕಾಲು ಬರಹವನ್ನು ಒಂದೇ ನೋಟಕ್ಕೆ ಓದಿ, ತಿರುಗಿ ನೋಡದೆ ಕಪಾಟಿಗೆ ಕೈಹಾಕುವುದು ಅವರ ಠೀವಿ. ಹೋದ ತಿಂಗಳು ರಕ್ತದೊತ್ತಡದ ಮಾತ್ರೆಗೆ ಬಂದ ಬಸ್ ಡ್ರೈವರ್ ಒಬ್ಬರಿಗೆ ಅತ್ತೆ, ಡಾಕ್ಟರು ಬರೆದುಕೊಟ್ಟದ್ದಕ್ಕಿಂತ ಎರಡರಷ್ಟು ಜೋರಿನ ಮಾತ್ರೆ ಕೊಟ್ಟು ಕಳಿಸಿದ್ದರು. ಡ್ರೈವರ ಹೆಂಡತಿ ಹಳೆಯ ಡಬ್ಬಿಯ ಜೊತೆ ಹೊಸದನ್ನು ಹಿಡಿದು ನೋಡುವ ಪೈಕಿಯವಳು. ಹಾಗಾಗಿ ಯಾರಿಗೂ ಏನೂ ಆಗಲಿಲ್ಲ. "ಎರಡು ಡಬ್ಬಿಗೂ ಒಂದೇ ನೀಲಿ ಬಳಿದ ಪುಣ್ಯಾತ್ಮರನ್ನ ಕೇಳಿ" ಎಂದು ಅತ್ತೆ ನಕ್ಕುಬಿಟ್ಟರು. ಮಗ ನಗಲಿಲ್ಲ.

ಇವತ್ತು ಬೆಳಿಗ್ಗೆ ಅವನು ಹೆಂಡತಿಯನ್ನು ಅಡುಗೆಮನೆಯ ಬಾಗಿಲ ಹಿಂದೆ ನಿಲ್ಲಿಸಿಕೊಂಡು ಪಿಸುಗುಟ್ಟಿದ್ದ. "ಒಬ್ಬ ಫಾರ್ಮಸಿಸ್ಟನ್ನ ಗೊತ್ತು ಮಾಡಿದೀನಿ. ಸೋಮವಾರದಿಂದ ಬರೋಕೆ ರೆಡಿ ಇದಾನೆ. ಅಮ್ಮನನ್ನ ಕೌಂಟರಿಂದ ಎಬ್ಬಿಸೋದೊಂದೇ ಬಾಕಿ."

"ಒಂದು ಸಲ ತಪ್ಪಿದ್ದಕ್ಕೆ?"

"ಒಂದೇ ಸಲ ಅಂತ ನಿನಗೆ ಹೇಗೆ ಗೊತ್ತು? ವಾಪಸ್ ತಂದಿದ್ದು ಒಬ್ಬರು, ಅಷ್ಟೇ."

ಅವನೇ ಮುಂದುವರಿಸಿದ. "ನೀನು ಎದುರಿಗೇ ಕೂತಿರ್ತೀಯಲ್ಲ, ನೋಡು. ಆ ಹೊಸ ಪದ್ಧತಿ ನೆನಪಿದೆಯಾ, ಇಲ್ವಾ. ಒಂದು ಸಲ ಮರೆತ್ರೂ ನನಗೆ ಹೇಳು. ಸಾಯಂಕಾಲಾನೇ ಮಾತಾಡಿ ಮುಗಿಸ್ತೀನಿ. ಮಾತ್ರೆ ಅಂದ್ರೆ ಇಸ್ಪೀಟಲ್ಲ."

ಅವಳು ಹೂಂ ಎಂದಿದ್ದಳು. ಹೂಂ ಎಂದ ಮೇಲೆ ಕಾರಿನಲ್ಲಿ ಅತ್ತೆ ಹೇಳಿದ ಜೋಕಿಗೆ ಎಲ್ಲಿ ನಗಬೇಕೆಂಬುದೂ ತಿಳಿಯಲಿಲ್ಲ.

ಆಮೇಲಿಂದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕುಳಿತದ್ದೇ ಕುಳಿತದ್ದು. ಕ್ಲಬ್ಬಿನ ಹಾಲ್ ತುಂಬ ಹಸಿರು ಬಟ್ಟೆಯ ಮೇಜುಗಳು, ಮೇಜಿಗೆ ನಾಲ್ವರು, ಎಲೆ ಕಲಸುವ ಸರಪರ ಬಿಟ್ಟರೆ ಸದ್ದಿಲ್ಲ. ಅತ್ತೆ ಕೈತೊಳೆಯುವ ಬೇಸಿನ್ ಹತ್ತಿರ ಕನ್ನಡಕ ಬಿಟ್ಟು ಬಂದರು. ಮೊದಲು ಹೇಳಬೇಕಾದವರು ಯಾರು ಎಂದು ಎರಡೆರಡು ಸಲ ಕೇಳಿದರು. ಎದುರಾಳಿ ಹಲ್ಲಿನ ಡಾಕ್ಟರನ್ನು ಅವರ ತಮ್ಮನ ಹೆಸರು ಹಿಡಿದು ಕರೆದರು. ಒಂದೊಂದಕ್ಕೂ ಸೊಸೆಯೊಳಗೆ ಒಂದೊಂದು ಮೊಳೆ ಹೊಡೆದಂತಾಗುತ್ತಿತ್ತು. ಹಾಗೆ ನೋಡಿದರೆ ಆ ಡಾಕ್ಟರು ತಮ್ಮ ಸರದಿ ಬರುವ ಮೊದಲೇ ಎಲೆ ಎಸೆದು ಆಗಲೇ ಬೈಸಿಕೊಂಡಿದ್ದರು. ಆದರೆ ಅವರ ಮರೆವನ್ನು ಮನೆಗೆ ಒಯ್ದು ಒಪ್ಪಿಸುವವರು ಯಾರೂ ಮೇಜಿನಲ್ಲಿರಲಿಲ್ಲ.

ಈ ಡಾಕ್ಟರಿಗೆ ಅತ್ತೆ ಇಟ್ಟ ಹೆಸರು ಇಕ್ಕಳ. ಅವರ ಜೋಡಿ ನಿವೃತ್ತ ನ್ಯಾಯಾಧೀಶರು. ಪ್ರತಿ ಎಲೆಯನ್ನೂ ತೂಗಿ ತೂಗಿ ಹಾಕುವುದರಿಂದ ತಕ್ಕಡಿ. ಇಕ್ಕಳ ಸೊಸೆಯ ಎಡಕ್ಕೆ, ತಕ್ಕಡಿ ಬಲಕ್ಕೆ ಕುಳಿತಿದ್ದರು.

ಐದು ಕ್ಲಬ್ಸಿನ ಮೇಲೆ ಬಾಗಿ ತಕ್ಕಡಿ ಗಂಟಲು ಸರಿಮಾಡಿಕೊಂಡರು. "ಇದರ ಅರ್ಥ ಏನಮ್ಮ?"

ಕೇಳುವುದು ಅವರ ಹಕ್ಕು. ಚೀಟಿಯಲ್ಲಿ ಹೇಳಿದ ಬಿಡ್ಡು ಅತ್ತೆಯದಾದ್ದರಿಂದ ವಿವರಿಸಬೇಕಾದವಳು ಸೊಸೆ. ಅದರಲ್ಲೂ ಅತ್ತೆಯ ಕೈಯಲ್ಲಿ ಏನಿದೆಯೆಂದು ತನಗೆ ಅನ್ನಿಸುತ್ತದೋ ಅದನ್ನಲ್ಲ, ಇಬ್ಬರೂ ಏನು ಒಪ್ಪಿಕೊಂಡಿದ್ದಾರೋ ಅದನ್ನೇ ಹೇಳಬೇಕು. ನಿಯಮ ಹಾಗಿದೆ.

"ಐದು ಮುಖ್ಯ ಎಲೆಗಳಲ್ಲಿ ಒಂದೋ, ನಾಲ್ಕೋ."

ಅತ್ತೆಗೂ ಇದು ಕೇಳಿಸಿತು. ಅವರ ಮುಖದ ಒಂದು ಗೆರೆಯೂ ಅಲುಗಲಿಲ್ಲ. ಅಲುಗಬಾರದು ಕೂಡ, ಜೋಡಿಯ ಮಾತಿಗೆ ಮುಖ ತೋರಿಸುವುದು ಈ ಆಟದಲ್ಲಿ ಕಳ್ಳತನಕ್ಕೆ ಸಮ. ಆದರೆ ಅಲುಗದ ಆ ಮುಖವನ್ನು ಸೊಸೆ ಓದಲು ಹೊರಟಳು. ಮರೆತವರ ಮುಖವೂ ಹೀಗೇ ನಿಶ್ಚಿಂತವಾಗಿ ಇರುತ್ತದಲ್ಲವೇ? ಮರೆತದ್ದೇ ಮರೆತುಹೋದವರಿಗೆ ಗಾಬರಿ ಎಲ್ಲಿಂದ ಬರಬೇಕು?

ತಕ್ಕಡಿ ಪಾಸ್ ಎಂದರು. ಈಗ ಅವಳ ಸರದಿ.

ಐದು ಸ್ಪೇಡ್ಸ್ ಚೀಟಿ ಬೆರಳಿಗೆ ಸಿಕ್ಕಿಯೇ ಇತ್ತು. ಅದನ್ನಿಟ್ಟು ನಿಂತುಬಿಟ್ಟರೆ? ಆಮೇಲೆ, ಆಡುವವಳ ಜೋಡಿಯಾದ್ದರಿಂದ, ಅತ್ತೆ ತಮ್ಮ ಎಲೆಗಳನ್ನು ಮೇಜಿನ ಮೇಲೆ ಹರಡಬೇಕು. ಅಲ್ಲಿ ಮೂರು ಎಕ್ಕ ಕಂಡರೆ ಎಲ್ಲರಿಗೂ ಗೊತ್ತಾಗುತ್ತದೆ. ಅವಳು ಗಂಡನಿಗೆ ಹೇಳಬೇಕಾಗುತ್ತದೆ. ಸಾಯಂಕಾಲ ಅವನು ಅಮ್ಮನನ್ನು ಕೂರಿಸಿಕೊಂಡು, ಆ ಮೆತ್ತನೆಯ ದನಿಯಲ್ಲಿ, ಮಾತಾಡಿ ಮುಗಿಸುತ್ತಾನೆ. ಅದೇ ಆರು ಹೇಳಿ ಗೆದ್ದರೆ ಎಲ್ಲವೂ ಮುಚ್ಚಿಹೋಗುತ್ತದೆ. ಗೆದ್ದ ಆಟದ ಬಿಡ್ಡನ್ನು ಯಾರೂ ಕೆದಕುವುದಿಲ್ಲ. ಅತ್ತೆಯ ಮಾನ ಉಳಿಯುತ್ತದೆ. ಮೊದಲ ಚೀಟಿಯಿಂದಲೂ ಅತ್ತೆ ಬಲ ತೋರಿಸುತ್ತಲೇ ಬಂದಿದ್ದರು, ತನ್ನ ಒಂದು ಸ್ಪೇಡಿಗೆ ಎರಡನ್ನು ಬಿಟ್ಟು ಮೂರು ಸ್ಪೇಡಿಗೇ ನೆಗೆದಿದ್ದರು. ಒಂದೇ ಎಕ್ಕ ಇಟ್ಟುಕೊಂಡು ಇಷ್ಟು ನೆಗೆಯುತ್ತಾರೆಯೇ? ಇಲ್ಲ, ಇವರ ಹತ್ತಿರ ಮೂರಿದೆ. ಮರೆತಿದ್ದಾರೆ. ಪಾಪ, ಮರೆತಿದ್ದಾರೆ.

ಅಯ್ಯೋ ಎನ್ನಿಸಿ ಕಣ್ಣು ಹನಿಗೂಡಿತು. ಅದೇ ಮಂಜುಗಣ್ಣಿನಲ್ಲಿ ಅವಳು ಆರು ಸ್ಪೇಡ್ಸ್ ಚೀಟಿ ತೆಗೆದಿಟ್ಟಳು.

ಅತ್ತೆಯ ಕಣ್ಣು ಆ ಚೀಟಿಯ ಮೇಲೆ ಒಂದು ಕ್ಷಣ ನಿಂತಿತು. ಮೂವರೂ ಪಾಸ್ ಎಂದರು.

ಮೊದಲ ಎಲೆ ಇಕ್ಕಳದ್ದು. ಅವರು ಸಂಕೋಚವಿಲ್ಲದೆ ಕ್ಲಬ್ ಎಕ್ಕ ಹೊಡೆದರು.

ಸೊಸೆ ಅದನ್ನೇ ನೋಡುತ್ತ ಕುಳಿತಳು. ಮೂರು ಎಕ್ಕವೂ ಅತ್ತೆಯ ಕೈಯಲ್ಲಿದ್ದರೆ ಇದು ಎಲ್ಲಿಂದ ಬಂತು? ಅತ್ತೆ ಆಗ ತಮ್ಮ ಎಲೆಗಳನ್ನು ಒಂದೊಂದು ಬಣ್ಣಕ್ಕೆ ಒಂದೊಂದು ಸಾಲು ಮಾಡಿ, ಅಂಗಡಿಯಲ್ಲಿ ಸ್ಟ್ರಿಪ್ ಜೋಡಿಸಿಡುವಷ್ಟೇ ಒಪ್ಪವಾಗಿ ಹರಡುತ್ತಿದ್ದರು. ಸ್ಪೇಡಿನಲ್ಲಿ ರಾಣಿ, ಗುಲಾಮ. ಹಾರ್ಟಿನಲ್ಲಿ ರಾಜ, ರಾಣಿ, ಗುಲಾಮ, ಇಡೀ ಸಂಸಾರ. ಕ್ಲಬ್ಬಿನಲ್ಲಿ ರಾಣಿ. ಡೈಮಂಡಿನಲ್ಲಿ ಎಕ್ಕ. ಇದ್ದದ್ದು ಅದೊಂದೇ. ನೆಗೆಯುವಷ್ಟು ಬಲ ಇತ್ತು, ಎಕ್ಕ ಮಾತ್ರ ಒಂದು. ಹೇಳಿದ್ದು ಒಂದು, ಇದ್ದದ್ದೂ ಒಂದು.

ಇಕ್ಕಳ ಎರಡನೆಯ ಸುತ್ತಿಗೆ ಹಾರ್ಟ್ ಹಾಕಿದರು. ತಕ್ಕಡಿ ತೂಗಲೂ ಹೋಗದೆ ಅದರ ಎಕ್ಕ ಇಟ್ಟರು. ಅಲ್ಲಿಗೆ ಎರಡು ಸುತ್ತು ಹೋಗಿ ಸ್ಲಾಮ್ ಮುರಿದುಬಿದ್ದಿತ್ತು. ಉಳಿದ ಸುತ್ತುಗಳನ್ನೆಲ್ಲ ಗೆಲ್ಲುವುದಕ್ಕೆ ಬುದ್ಧಿಯೇನೂ ಬೇಕಿರಲಿಲ್ಲ. ಸೊಸೆಯ ಕೈ ತಾನಾಗಿ ಎಲೆ ಎತ್ತಿ ಹಾಕುತ್ತಿತ್ತು.

ಮುಗಿದ ಮೇಲೆ ತಕ್ಕಡಿ ಸುಮ್ಮನಿರಬಾರದೆ? "ಒಂದು ಅನುಮಾನಮ್ಮ. ಒಂದೋ ನಾಲ್ಕೋ ಅಂತ ನೀವೇ ಹೇಳಿದ್ರಿ. ನಿಮ್ಮ ಕೈಯಲ್ಲೇ ಎರಡಿತ್ತು. ನಾಲ್ಕಾಗಿದ್ರೆ ಒಟ್ಟು ಆರಾಗಬೇಕಿತ್ತು, ಇರೋದೇ ಐದು. ಅಂದ್ರೆ ಅಲ್ಲಿರೋದು ಒಂದೇ ಅಂತ ನಿಮಗೆ ಖಚಿತವಾಗಿ ಗೊತ್ತಿತ್ತು. ಮತ್ತೆ ಆರು ಯಾಕೆ ಹೇಳಿದ್ರಿ?" ಅವರ ದನಿಯಲ್ಲಿ ಕುಹಕವಿರಲಿಲ್ಲ. ಬದುಕಿಡೀ ಕಾರಣ ಕೇಳಿದವರ ಕುತೂಹಲ, ಅಷ್ಟೇ.

ಮರೆತೆ ಎನ್ನುವ ಹಾಗೂ ಇರಲಿಲ್ಲ. ಎಲ್ಲರೆದುರು ಬಾಯಾರೆ ಹೇಳಿಬಿಟ್ಟಿದ್ದಳಲ್ಲ. "ಲೆಕ್ಕ ತಪ್ಪಿತು ಸಾರ್" ಎಂದಳು.

"ಲೆಕ್ಕ ತಪ್ಪೋಳಲ್ಲ ನಮ್ಮ ಹುಡುಗಿ" ಎಂದರು ಅತ್ತೆ, ಎಲೆಗಳನ್ನು ಒಟ್ಟುಮಾಡುತ್ತ. "ಅಂಗಡಿ ಬಿಲ್ಲೆಲ್ಲ ಬಾಯಲ್ಲೇ ಕೂಡ್ತಾಳೆ." ಆ ಮಾತು ತಕ್ಕಡಿಗೆ ಹೇಳಿದ್ದು, ನೋಡಿದ್ದು ಸೊಸೆಯನ್ನು. ಭೂಮಿ ಬಾಯಿಬಿಡಬಾರದೇ ಎನ್ನಿಸಿತು ಅವಳಿಗೆ.

ಬಿಡುವಿನ ಗಂಟೆ ಹೊಡೆಯಿತು. ಜನ ಕಾಫಿ ಯಂತ್ರದ ಕಡೆ ನುಗ್ಗಿದರು. ಅತ್ತೆ ಅವರ ಜೊತೆ ಸೇರದೆ ಮೆಟ್ಟಿಲಿನ ಪಕ್ಕದ ಕಿಟಕಿಯ ಹತ್ತಿರ ಹೋಗಿ ನಿಂತರು. ಕೆಳಗೆ ರಸ್ತೆಯಲ್ಲಿ ಯಾರೋ ಕಾರನ್ನು ಸಣ್ಣ ಜಾಗದಲ್ಲಿ ತೂರಿಸಲು ಹೆಣಗುತ್ತಿದ್ದರು. ಸೊಸೆ ಹಿಂದೆ ಹೋಗಿ ನಿಂತಳು.

"ಮೂರಿದೆ ಅಂದ್ಕೊಂಡೆ, ಅಲ್ವಾ?" ಅತ್ತೆ ತಿರುಗದೆಯೇ ಕೇಳಿದರು.

"ಅತ್ತೆ, ನಾನು..."

"ಮರೆತಿದಾಳೆ ಮುದುಕಿ, ಹಳೇದು ಆಡಿದಾಳೆ ಅಂದ್ಕೊಂಡೆ."

ಸೊಸೆ ತಲೆ ತಗ್ಗಿಸಿದಳು.

"ದಿನಾ ಬೆಳಿಗ್ಗೆ ಹಲ್ಲುಜ್ಜುವಾಗ ಹೇಳ್ಕೋತೀನಿ. ಕ್ಲಬ್ಸ್ ಒಂದು-ನಾಲ್ಕು, ಡೈಮಂಡ್ಸ್ ಸೊನ್ನೆ-ಮೂರು. ಬಾಯಿ ತುಂಬ ನೊರೆ ಇಟ್ಕೊಂಡು ಹೇಳ್ಕೋತೀನಿ. ಹೊಸದು ನೆನಪಿಡೋದು ಏನು ಮಹಾ? ನಿಮ್ಮ ಮಾವನ ಜೊತೆ ಆಡಿದ್ದನ್ನ ಮರೀಬೇಕಿತ್ತಲ್ಲ, ಅದು ಕಷ್ಟ. ಕೈ ಅಲ್ಲಿಗೇ ಹೋಗುತ್ತೆ. ಇವತ್ತೂ ಹೋಯ್ತು. ಡೈಮಂಡ್ಸ್ ಚೀಟಿ ಮೇಲೆ ಬೆರಳಿಟ್ಟು, ಹಿಂದಕ್ಕೆ ತಗೊಂಡು, ಕ್ಲಬ್ಸ್ ಇಟ್ಟೆ. ಸದ್ಯ, ಸರಿಯಾಗಿ ಇಟ್ಟೆ ಅಂತ ಎಷ್ಟು ಖುಷಿಯಾಯ್ತು ಗೊತ್ತಾ?" ಅವರು ಈಗ ತಿರುಗಿ ಸೊಸೆಯನ್ನು ನೋಡಿದರು. "ಆಮೇಲೆ ನೀನು ಆರು ಇಟ್ಟೆ."

ಕಾಪಾಡಲು ಹೋದೆ ಎಂದು ಹೇಳಿದರೆ ಅದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ ಎಂಬುದು ಸೊಸೆಗೆ ಆಗ ಹೊಳೆಯಿತು.

ಅದೇ ಹೊತ್ತಿಗೆ ಅವಳ ಕೈಯಲ್ಲಿದ್ದ ಫೋನು ಗುರುಗುಟ್ಟಿತು. ಪರದೆಯ ಮೇಲೆ ಗಂಡನ ಫೋಟೋ. ಅವಳು ಅದನ್ನು ಮುಚ್ಚುವಷ್ಟರಲ್ಲಿ ಅತ್ತೆ ನೋಡಿಯಾಗಿತ್ತು. ಬಿಡುವು ಯಾವಾಗ ಎಂಬುದು ಅವನಿಗೆ ಗೊತ್ತು. ಹಿಂದೆಂದೂ ಬಿಡುವಿನಲ್ಲಿ ಫೋನ್ ಮಾಡಿದವನಲ್ಲ. ಅತ್ತೆಯ ಮುಖದಲ್ಲಿ ಒಂದೊಂದೇ ಎಲೆ ತಿರುವಿದ ಹಾಗೆ ಎಲ್ಲವೂ ಅರ್ಥವಾಗುತ್ತ ಹೋಯಿತು. ನೋಡಲಾಗಲಿಲ್ಲ ಸೊಸೆಗೆ.

"ತಗೋ" ಎಂದರು ಅತ್ತೆ. "ಗಟ್ಟಿಯಾಗಿ ಕೇಳೋ ಹಾಗೆ ಹಾಕು."

ಹಾಕಿದಳು. "ಏನಾಯ್ತು?" ಎಂದಿತು ಅವನ ದನಿ, ಮೆತ್ತಗೆ, ಆತುರವಾಗಿ. "ಅಮ್ಮ ಏನಾದ್ರೂ ಮರೆತ್ಲಾ?"

"ಇಲ್ಲ. ತಪ್ಪಾಗಿದ್ದು ನನ್ನಿಂದ."

"ಅಮ್ಮನ್ನ ವಹಿಸ್ಕೊಂಡು ಮಾತಾಡ್ಬೇಡ ನೀನು."

"ವಹಿಸ್ಕೊಳ್ತಿಲ್ಲ. ಅವರು ಸರಿಯಾಗೇ ಹೇಳಿದ್ರು. ನಾನು ನಂಬಲಿಲ್ಲ, ಅಷ್ಟೇ. ನಂಬದೆ ಸೋತೆ."

"ನಾನೂ ಇಲ್ಲೇ ಇದೀನಿ ಕಣೋ" ಎಂದರು ಅತ್ತೆ.

ಅತ್ತೆ ಫೋನಿನ ಹತ್ತಿರಕ್ಕೆ ಬಾಗಿದರು.

"ಅಂಗಡಿಗೆ ಯಾರನ್ನೋ ಗೊತ್ತು ಮಾಡಿರಬೇಕು ನೀನು. ಮಾಡದೆ ಬಿಡೋನಲ್ಲ."

"ಅಮ್ಮ, ಅದು..."

"ಬರಲಿ ಬಿಡು, ಒಳ್ಳೇದೇ ಆಯ್ತು. ಆದ್ರೆ ನನ್ನ ಮೇಲೆ ಕಣ್ಣಿಡೋಕೆ ಯಾರನ್ನಾದ್ರೂ ಕಳಿಸೋದಿದ್ರೆ ನನಗೆ ಹೇಳಿ ಕಳಿಸು. ಈ ಹುಡುಗಿ ಬೆಳಿಗ್ಗೆಯಿಂದ ಒಂದು ತುತ್ತು ತಿಂದಿಲ್ಲ. ಯಾಕೆ ಅಂತ ಈಗ ಗೊತ್ತಾಯ್ತು. ಇಡು ಫೋನು, ಮಿಕ್ಕಿದ್ದು ಸಾಯಂಕಾಲ."

ಫೋನು ನಿಂತಿತು. ಕೆಳಗಿನ ಕಾರು ಇನ್ನೂ ಹಿಂದಕ್ಕೂ ಮುಂದಕ್ಕೂ ಆಡುತ್ತಿತ್ತು. ಇಷ್ಟಾದ ಮೇಲೆ ಅತ್ತೆ ಬೈಯುತ್ತಾರೆ ಎಂದು ಸೊಸೆ ಕಾದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವರು ಕಿಟಕಿಯ ಕಂಬಿ ಹಿಡಿದುಕೊಂಡು, ಬೇರೆ ಯಾರದೋ ವಿಷಯ ಹೇಳುವವರ ಹಾಗೆ ಹೇಳಿದರು:

"ಆ ನೀಲಿ ಡಬ್ಬಿ ಅಂದೆನಲ್ಲ, ಒಂದೇ ಬಣ್ಣ ಅಂತ. ಅದು ಸುಳ್ಳು. ಆ ಡ್ರೈವರು ಅಂಗಡಿಗೆ ಬಂದಿದ್ದೇ ನನಗೆ ನೆನಪಿಲ್ಲ."

ಸೊಸೆ ಅವರ ಪಕ್ಕಕ್ಕೆ ಬಂದು ಕಿಟಕಿಗೆ ಒರಗಿದಳು.

"ಅವನ ಹೆಂಡತಿ ಅಂಗಡಿ ಬಿಲ್ಲು ತೋರಿಸಿದ್ಲು, ಮೇಲೆ ನನ್ನ ಸಹಿ ಇತ್ತು. ಸಹಿ ನಂದೇ. ಮನುಷ್ಯನ ಮುಖ ಮಾತ್ರ ಎಷ್ಟು ಜ್ಞಾಪಿಸಿಕೊಂಡ್ರೂ ಬರ್ತಿಲ್ಲ. ಅವತ್ತಿಂದಾನೇ ಈ ಹಲ್ಲುಜ್ಜೋ ಪಾಠ ಶುರುಮಾಡಿದ್ದು."

"ನಿಮ್ಮ ಮಗನಿಗೆ ಈಗ ಯಾಕೆ ಹೇಳಲಿಲ್ಲ ಅತ್ತೆ?"

"ಫೋನಲ್ಲಿ ಹೇಳೋ ಮಾತಾ ಅದು? ಅವನ ಮುಖ ನೋಡ್ಕೊಂಡು ನಾನೇ ಹೇಳ್ತೀನಿ, ನೀನಲ್ಲ. ಆಮೇಲೆ ಡಾಕ್ಟರ ಹತ್ರ ಹೋಗೋಣ. ಅಲ್ಲಿಗೆ ನೀನು ಬಾ." ಅವರು ಸೆರಗಿನ ತುದಿಯಿಂದ ಕನ್ನಡಕ ಒರೆಸಿ ಹಾಕಿಕೊಂಡರು. "ನನಗೇನಾಗಿದೆ ಅಂತ ಗೊತ್ತಾಗೋ ತನಕ ಕೌಂಟರಿಗೆ ಕೂರಲ್ಲ."

ಸೊಸೆ ಅವರ ಕೈ ಹಿಡಿದುಕೊಂಡಳು. ಆ ಕೈ ತಣ್ಣಗಿತ್ತು. ಬೆಳಿಗ್ಗೆಯಿಂದ ಹೆದರಿಕೊಂಡಿದ್ದವಳು ತಾನೊಬ್ಬಳೇ ಎಂದುಕೊಂಡಿದ್ದಳು. ಇಬ್ಬರೂ ಎದುರುಬದುರು ಕುಳಿತು ಒಂದೇ ಭಯವನ್ನು ಒಬ್ಬರಿಗೊಬ್ಬರು ಕಾಣದಂತೆ ಎಲೆಗಳ ಹಿಂದೆ ಹಿಡಿದುಕೊಂಡಿದ್ದರು.

ಗಂಟೆ ಮತ್ತೆ ಹೊಡೆಯಿತು. ಒಳಗೆ ಹೋದಾಗ ಅವರ ಮೇಜಿಗೆ ಹೊಸ ಎದುರಾಳಿಗಳು ಬಂದು ಕುಳಿತಿದ್ದರು, ಗಂಡ ಹೆಂಡತಿ, ಇಬ್ಬರೂ ಮಾತಿಗೆ ಮುಂದು. "ನಿಮ್ಮ ಒಪ್ಪಂದಗಳೇನು ಹೇಳಿಬಿಡಿ, ಆಮೇಲೆ ಜಗಳ ಬೇಡ" ಎಂದಳು ಹೆಂಡತಿ. ಸೊಸೆ ಬಾಯಿ ತೆರೆದವಳು ತಡೆದುಕೊಂಡಳು. ಅತ್ತೆ ಹೇಳಿದರು. ಒಂದೊಂದನ್ನೂ ಬಿಡಿಸಿ, ನಡುವೆ ಒಂದು ಕಡೆ ತುಸು ನಿಂತು, ಮತ್ತೆ ಮುಂದುವರಿಸಿ, ಪೂರ್ತಿ ಹೇಳಿದರು.

ಎಲೆ ಎತ್ತಿಕೊಂಡರು. ಅತ್ತೆ ತಮ್ಮವನ್ನು ಜೋಡಿಸಿಕೊಳ್ಳಲು ಬಹಳ ಹೊತ್ತು ತೆಗೆದುಕೊಂಡರು. ಆ ಗಂಡ ಕುರ್ಚಿಯಲ್ಲಿ ಅತ್ತ ಇತ್ತ ಸರಿದಾಡಿದ. ಆಮೇಲೆ ಪೆಟ್ಟಿಗೆಯಲ್ಲಿ ಚೀಟಿ ಸರಿದ ಸದ್ದಾಯಿತು, ಮೇಜಿನ ಮೇಲೆ ಅದನ್ನಿಟ್ಟ ಸದ್ದಾಯಿತು.

ಸೊಸೆ ಚೀಟಿ ನೋಡಿದಳು. ಅತ್ತೆಯ ಮುಖದ ಕಡೆ ಹೋಗುತ್ತಿದ್ದ ಕಣ್ಣನ್ನು ಕೆಳಗಿಳಿಸಿ, ತನ್ನ ಕೈಯಲ್ಲಿದ್ದ ಎಲೆಗಳನ್ನು ಎಣಿಸತೊಡಗಿದಳು.